ಮಾತು ಎಲ್ಲಿ ಶುರುವಾಯಿತು? ಕೋಟ್ ಗುರುತು, ಕೀಲಿಮಣೆ ಮತ್ತು ಕನ್ನಡ

(ಡಿಟಿಪಿ ಮಾಡುವವರು, ಪ್ರೂಫ್ ನೋಡುವವರು ಮತ್ತು ಕೆಲವು ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬಾಯಿಮಾತಿನ ಕೆಲವು ಮರುಕಳಿಕೆಗಳನ್ನು ಕತ್ತರಿಸಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ನೆನಪಿನಿಂದ ಬರೆದಿದ್ದೇನೆ.)

ಬೋರ್ಡಿನ ಮೇಲೆ ಒಂದು ವಾಕ್ಯ ಬರೆದಿದ್ದೇನೆ. ಹಿಂದಿನವರಿಗೂ ಕಾಣಿಸುತ್ತಿದೆ ತಾನೆ?

ರಾಜು ನಾಳೆ ಬರ್ತಾನೆ ಅಂತ ಹೇಳಿದ.

ಹೇಳಿದ್ದು ಯಾರು? ಈ ಕಡೆಯವರು ‘ರಾಜು’ ಅಂದಿರಿ. ಆ ಕಡೆಯಿಂದ ‘ಬೇರೆ ಯಾರೋ’ ಅನ್ನೋದೂ ಕೇಳಿಸಿತು. ಎರಡೂ ಸರಿ. ರಾಜುವೇ ಬಂದು, ಅವನ ತಮ್ಮನೋ ಭಾವನೋ ನಾಳೆ ಬರುತ್ತಾನೆ ಅಂತ ಹೇಳಿರಬಹುದು. ಅಥವಾ ಇನ್ಯಾರೋ ಬಂದು, ರಾಜು ನಾಳೆ ಬರುತ್ತಾನೆ ಅಂತ ಹೇಳಿರಬಹುದು. ಬಾಯಲ್ಲಿ ಹೇಳುವಾಗ ನಾವು ‘ರಾಜು’ ಆದಮೇಲೆ ಒಂದು ಗುಕ್ಕು ಉಸಿರು ನಿಲ್ಲಿಸುತ್ತೇವೆ, ಅಥವಾ ನಿಲ್ಲಿಸುವುದಿಲ್ಲ. ಅಷ್ಟರಲ್ಲೇ ತೀರ್ಮಾನವಾಗುತ್ತದೆ. ಕಾಗದದ ಮೇಲೆ ಆ ಉಸಿರು ಕಾಣುವುದಿಲ್ಲ. ಈಗ ಗುರುತು ಹಾಕುತ್ತೇನೆ.

ರಾಜು “ನಾಳೆ ಬರ್ತಾನೆ” ಅಂತ ಹೇಳಿದ.
“ರಾಜು ನಾಳೆ ಬರ್ತಾನೆ” ಅಂತ ಹೇಳಿದ.

ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಮುಚ್ಚುವ ಗುರುತು ಎರಡರಲ್ಲೂ ಒಂದೇ ಕಡೆ ಇದೆ, ‘ಅಂತ’ ಪದಕ್ಕೆ ಮುಂಚೆ. ಜಾಗ ಬದಲಿಸಿದ್ದು ತೆರೆಯುವ ಗುರುತು ಮಾತ್ರ. ಇದು ನಮ್ಮ ಭಾಷೆಯ ಗುಣ. ಒಬ್ಬರ ಮಾತು ಇಲ್ಲಿಗೆ ಮುಗಿಯಿತು ಅಂತ ಸಾರುವುದಕ್ಕೆ ನಮ್ಮಲ್ಲಿ ಪದಗಳೇ ಇವೆ: ಎಂದು, ಎಂಬ, ಅಂತ, ಅಂದ. ಹಳಗನ್ನಡಕ್ಕೆ ಹೋದರೆ ಎನೆ, ಎಂದೊಡೆ. ಪಂಪ, ರನ್ನರ ಪಾತ್ರಗಳು ಸಭೆಯಲ್ಲಿ ನಿಂತು ಎಷ್ಟೆಷ್ಟು ವಾದ ಮಾಡುತ್ತವೆ! ಓಲೆಗರಿಯಲ್ಲಿ ಅದಕ್ಕೆಲ್ಲ ಒಂದೇ ಒಂದು ಕೋಟ್ ಗುರುತು ಇಲ್ಲ. ‘ಎಂದು’ ಬಂದಾಗ ಓದುವವನಿಗೆ ತಿಳಿಯುತ್ತಿತ್ತು, ಇದುವರೆಗಿನದು ಮಾತು ಅಂತ. ಆದರೆ ಎಲ್ಲಿಂದ? ಅದಕ್ಕೆ ಕನ್ನಡದಲ್ಲಿ ಪದವಿಲ್ಲ. ಛಂದಸ್ಸು, ಸಂದರ್ಭ, ಓದುವವನ ರೂಢಿ, ಇವೇ ದಾರಿ ತೋರಿಸಬೇಕು.

ಅಂದರೆ ಕನ್ನಡ ಗದ್ಯದಲ್ಲಿ ಮುಚ್ಚುವ ಗುರುತು ಅರ್ಧ ಅಲಂಕಾರ. ತೆರೆಯುವ ಗುರುತಿಗೆ ಮಾತ್ರ ನಿಜವಾದ ಕೆಲಸ ಇದೆ. ನಮ್ಮ ಕೀಲಿಮಣೆಯಲ್ಲಿ ಇಲ್ಲದಿರುವುದೂ ಅದೇ. ಇವತ್ತು ನಾನು ಹೇಳಬೇಕಾದದ್ದು ಇಷ್ಟೆ. ಉಳಿದದ್ದೆಲ್ಲ ಬೆರಳಿನ ವಿಷಯ.

ಬಲಗೈ ಕಿರುಬೆರಳ ಪಕ್ಕ, ಎಂಟರ್ ಕೀ ಎಡಕ್ಕೆ ಇರುವ ಕೀ ನೋಡಿ. ಸುಮ್ಮನೆ ಒತ್ತಿದರೆ ' ಬರುತ್ತದೆ, ಶಿಫ್ಟ್ ಹಿಡಿದು ಒತ್ತಿದರೆ " ಬರುತ್ತದೆ. ನೆಟ್ಟಗೆ ನಿಂತ ಮೊಳೆಗಳ ಹಾಗೆ. ತೆರೆಯುವುದಕ್ಕೂ ಅದೇ, ಮುಚ್ಚುವುದಕ್ಕೂ ಅದೇ. ಇದು ಟೈಪ್‌ರೈಟರ್ ಬಿಟ್ಟುಹೋದ ಆಸ್ತಿ. ಟೈಪ್‌ರೈಟರಿನಲ್ಲಿ ಒಂದೊಂದು ಕೀಗೂ ಒಂದು ಲೋಹದ ತೋಳು ಬೇಕು, ಜಾಗ ಇರುವುದು ನಲವತ್ತು ಚಿಲ್ಲರೆ ಕೀಗಳಿಗೆ. ಹಾಗಾಗಿ ಜಿಪುಣತನ. ಎಷ್ಟೋ ಹಳೆಯ ಮಾದರಿಗಳಲ್ಲಿ 1 ಅಂಕಿಗೇ ಕೀ ಇರಲಿಲ್ಲ, ಇಂಗ್ಲಿಷಿನ ಸಣ್ಣ ಎಲ್ ಅಕ್ಷರ ಹೊಡೆದು ನಿಭಾಯಿಸುತ್ತಿದ್ದರು. ಆಶ್ಚರ್ಯಸೂಚಕ ಬೇಕಾದರೆ ಅಪಾಸ್ಟ್ರಫಿ ಹೊಡೆದು, ಒಂದು ಮನೆ ಹಿಂದೆ ಹೋಗಿ, ಕೆಳಗೆ ಚುಕ್ಕೆ ಇಡುವುದು. ಅಂಥ ಯಂತ್ರದಲ್ಲಿ ನಾಲ್ಕು ಬಗೆಯ ಕೋಟಿಗೆ ಜಾಗ ಯಾರು ಕೊಡುತ್ತಾರೆ?

ಆಮೇಲೆ 1963ರಲ್ಲಿ ಅಮೆರಿಕದಲ್ಲಿ, ಕಂಪ್ಯೂಟರಿಗಾಗಿ ಒಂದೊಂದು ಗುರುತಿಗೂ ಒಂದು ಸಂಖ್ಯೆ ಕೊಡುವ ಆಸ್ಕಿ ಸಂಕೇತಪಟ್ಟಿ ಬಂತು. 7 ಬಿಟ್, ಹಾಗಾಗಿ ಒಟ್ಟು 128 ಮನೆ. ನಿಯಂತ್ರಣ ಸಂಕೇತಗಳನ್ನು ಕಳೆದರೆ ಅಚ್ಚಾಗುವ ಗುರುತುಗಳಿಗೆ, ಖಾಲಿ ಜಾಗವೂ ಸೇರಿ, ಉಳಿದದ್ದು 95. ಅದರಲ್ಲಿ 34ನೇ ಮನೆ ಜೋಡಿ ಕೋಟಿಗೆ, 39 ಒಂಟಿ ಕೋಟಿಗೆ. 45ನೇ ಮನೆಯಲ್ಲಿ ಒಂದು ಅಡ್ಡಗೆರೆ, ಅದೇ ಹೈಫನ್, ಅದೇ ಮೈನಸ್, ಅದೇ ಡ್ಯಾಶ್. ಒಬ್ಬ ಆಳಿಗೆ ಮೂರು ಮನೆ ಚಾಕರಿ. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ ಬಂದು ಇವುಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಟ್ಟು ಮೂವತ್ತು ವರ್ಷ ದಾಟಿತು. ಕೀಲಿಮಣೆ ಮಾತ್ರ ಇನ್ನೂ ಆ 95ರ ಲೆಕ್ಕದಲ್ಲೇ ಇದೆ.

ಅಚ್ಚುಮೊಳೆಯ ಕಾಲ ಹೀಗಿರಲಿಲ್ಲ. ನಾನು ಈ ಕಸುಬಿಗೆ ಬಂದಾಗ ನಮ್ಮ ಪ್ರೆಸ್ಸಿನಲ್ಲಿ ಹಳೆಯ ಕಂಪೋಸಿಟರ್, ಅಂದರೆ ಮೊಳೆ ಜೋಡಿಸುವವರು, ಒಬ್ಬರಿದ್ದರು, ಎಲ್ಲರೂ ‘ರಾಯರೇ’ ಅಂತ ಕರೆಯುತ್ತಿದ್ದೆವು. ಮೊಳೆ ಕೇಸುಗಳು ಆಗಲೇ ಗೋಡೆ ಪಾಲಾಗಿದ್ದವು, ರಾಯರು ಪ್ರೂಫ್ ನೋಡುತ್ತಿದ್ದರು. ಈ ಗುರುತಿಗೆ ‘ಇನ್ವರ್ಟೆಡ್ ಕಾಮಾ’ ಅಂತ ಯಾಕೆ ಹೆಸರು ಅಂತ ಒಂದು ದಿನ ಕೇಳಿದೆ. ಅವರು ಮಾತಾಡಲಿಲ್ಲ. ಒಂದು ಖಾನೆಯಿಂದ ಕಾಮಾ ಮೊಳೆ ಎತ್ತಿಕೊಂಡರು. ಮೊಳೆಯ ಮೈಮೇಲೆ ಒಂದು ಕಚ್ಚು ಇರುತ್ತದೆ, ಜೋಡಿಸುವಾಗ ಮೊಳೆ ನೆಟ್ಟಗಿದೆಯೋ ಇಲ್ಲವೋ ಎಂದು ಹೆಬ್ಬೆರಳಿಗೆ ತಿಳಿಯಲಿ ಅಂತ. ಆ ಕಚ್ಚು ಒಳಗೆ ಹೋಗುವ ಹಾಗೆ ಮೊಳೆಯನ್ನು ತಿರುಗಿಸಿ ಹಿಡಿದರು. ಸಾಲಿನ ಕೆಳಗೆ ಕೂತಿರಬೇಕಾದ ಕಾಮಾ ತಲೆಕೆಳಗಾಗಿ ಸಾಲಿನ ಮೇಲಕ್ಕೆ ಹೋಯಿತು. ಹೊಟ್ಟೆ ಕೆಳಗೆ, ಬಾಲ ಮೇಲೆ. ‘ತೆರೆಯುವ ಕೋಟ್ ಅಂದರೆ ಇಷ್ಟೇ ಕಣಯ್ಯಾ, ಬೇರೆ ಮೊಳೆ ಏನೂ ಬೇಡ’ ಅಂದರು. ನಾನು ಇವತ್ತಿಗೂ ಎಡಗೋಟು ಬಲಗೋಟು ಅನುಮಾನ ಬಂದರೆ ಆ ಹೆಬ್ಬೆರಳನ್ನು ನೆನಪಿಸಿಕೊಳ್ಳುತ್ತೇನೆ. ನಿಮಗೆ ಸುಲಭದ ಗುರುತು ಬೇಕಾದರೆ 66 ಮತ್ತು 99: ತೆರೆಯುವುದು ಆರರ ಹಾಗೆ, ಮುಚ್ಚುವುದು ಒಂಬತ್ತರ ಹಾಗೆ. ಈ ಆಕಾರ ಲೋಕಕ್ಕೆಲ್ಲ ಒಂದೇ ಅಂದುಕೊಳ್ಳಬೇಡಿ. ಜರ್ಮನರು ಮಾತನ್ನು ಸಾಲಿನ ಕೆಳಗಿಂದ „ ಎಂದು ತೆರೆದು, ನಾವು ತೆರೆಯಲು ಬಳಸುವ “ ಆಕಾರದಲ್ಲಿ ಮುಚ್ಚುತ್ತಾರೆ. ಫ್ರೆಂಚರದು « » ಬಾಣದ ಮೊನೆ.

ನಮ್ಮ ಶಾಲೆಯ ವ್ಯಾಕರಣದಲ್ಲಿ ಇವಕ್ಕೆ ಒಳ್ಳೆಯ ಹೆಸರುಗಳಿವೆ. ಜೋಡಿ ಗುರುತು ಉದ್ಧರಣ ಚಿಹ್ನೆ, ಒಂಟಿ ಗುರುತು ವಾಕ್ಯವೇಷ್ಟನ ಚಿಹ್ನೆ. ವೇಷ್ಟನ ಅಂದರೆ ಸುತ್ತುವುದು, ಪೇಟ ಸುತ್ತಿದ ಹಾಗೆ. ಪರೀಕ್ಷೆಗೆ ಎಲ್ಲರೂ ಬರೆದಿದ್ದೀರಿ. ಪರೀಕ್ಷೆಯಲ್ಲಿ ಕೈಯಿಂದ ಬರೆದಾಗ ಎಲ್ಲರೂ ಎಡದ್ದು ಬೇರೆ, ಬಲದ್ದು ಬೇರೆ ಸರಿಯಾಗಿ ಬರೆದಿದ್ದೀರಿ ಕೂಡ. ಕೈಗೆ ಗೊತ್ತಿದ್ದದ್ದನ್ನು ಕೀಲಿಮಣೆ ಮರೆಸಿತು.

ಈಗ ಬೆರಳಿನ ವಿಷಯ. ಕನ್ನಡದ ಕೀಲಿಮಣೆಗಳಲ್ಲೇ ಮೊದಲು ಒಂದು ಭೇದ ತಿಳಿದುಕೊಳ್ಳಿ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು, ಸರ್ಕಾರ ಒಪ್ಪಿ, ನುಡಿ ತಂತ್ರಾಂಶದ ಮೂಲಕ ಊರೂರಿಗೆ ಹೋದ ವಿನ್ಯಾಸದಲ್ಲಿ ಅಕ್ಷರಗಳೆಲ್ಲ ಇಂಗ್ಲಿಷ್ ಅಕ್ಷರದ ಕೀಗಳ ಮೇಲೇ ಕೂತಿವೆ. ಹಾಗಾಗಿ ಕೋಟ್ ಕೀ ತನ್ನ ಜಾಗದಲ್ಲೇ ಉಳಿದಿದೆ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸ ಬಳಸುವವರ ಪಾಡು ಬೇರೆ. ಅಲ್ಲಿ ಅದೇ ಕೀ ಒತ್ತಿದರೆ ಟ, ಶಿಫ್ಟ್ ಹಿಡಿದರೆ ಠ. ಪಕ್ಕದ ಕೀಯಲ್ಲಿ ಚ ಕೂತಿದೆ. ನೆಟ್ಟಗಿನ ಕೋಟ್ ಬೇಕಾದರೂ ಇಂಗ್ಲಿಷಿಗೆ ಹೋಗಿ ಬರಬೇಕು. ಇನ್‌ಸ್ಕ್ರಿಪ್ಟ್‌ನವರಿಗೆ ನಾನು ಹೇಳುವುದು ಒಂದೇ: ಹೇಗೂ ಹೋಗಿ ಬರುತ್ತೀರಿ, ಹೋದಾಗ ಸರಿಯಾದದ್ದನ್ನೇ ತನ್ನಿ.

ವಿಂಡೋಸ್‌ನಲ್ಲಿ ಎಲ್ಲ ಕಡೆ ನಡೆಯುವ ಹಳೆಯ ದಾರಿ ಆಲ್ಟ್ ಕೀ ಹಿಡಿದು ಬಲಗಡೆಯ ಅಂಕಿಗಳ ಗುಂಪಿನಲ್ಲಿ ಸಂಖ್ಯೆ ಒತ್ತುವುದು. 0145 ಒತ್ತಿದರೆ ‘, 0146ಕ್ಕೆ ’, 0147ಕ್ಕೆ “, 0148ಕ್ಕೆ ”. ಒಂದರ ಹಿಂದೊಂದು ಇರುವುದರಿಂದ ನೆನಪಿಡುವುದು ಕಷ್ಟವಲ್ಲ. ಸಣ್ಣ ಡ್ಯಾಶಿಗೆ 0150, ಉದ್ದ ಡ್ಯಾಶಿಗೆ 0151. ನಮ್ ಲಾಕ್ ಹಾಕಿರಬೇಕು, ಕೀಲಿಮಣೆ ಇಂಗ್ಲಿಷಿನಲ್ಲಿರಲಿ. ಲ್ಯಾಪ್‌ಟಾಪಿನಲ್ಲಿ ಆ ಅಂಕಿ ಗುಂಪೇ ಇಲ್ಲದಿದ್ದರೆ ವಿಂಡೋಸ್ ಕೀ ಜೊತೆ ಚುಕ್ಕೆ ಒತ್ತಿ. ಇಮೋಜಿ ಕಿಟಕಿ ತೆರೆಯುತ್ತದೆ, ಅದರೊಳಗೆ ಚಿಹ್ನೆಗಳ ವಿಭಾಗವಿದೆ. ನಗುವ ಮುಖ ಹುಡುಕಲು ಹೋಗುವ ಜಾಗದಲ್ಲಿ ಕೋಟ್ ಸಿಗುತ್ತದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಮ್ಯಾಕ್ ಇರುವವರು ಪುಣ್ಯವಂತರು. ಇಂಗ್ಲಿಷ್ ಕೀಲಿಮಣೆಯಲ್ಲಿ ಆಪ್ಷನ್ ಹಿಡಿದು [ ಒತ್ತಿದರೆ “, ಜೊತೆಗೆ ಶಿಫ್ಟ್ ಸೇರಿಸಿದರೆ ”. ] ಕೀಯಲ್ಲಿ ಹಾಗೆಯೇ ಒಂಟಿ ಜೋಡಿ. ಆಪ್ಷನ್ ಮತ್ತು ಹೈಫನ್ ಸೇರಿದರೆ ಸಣ್ಣ ಡ್ಯಾಶ್, ಶಿಫ್ಟೂ ಸೇರಿದರೆ ಉದ್ದದ್ದು. ಲಿನಕ್ಸ್‌ನವರಿಗೆ ಕಂಪೋಸ್ ಕೀ ಅಂತ ಒಂದಿದೆ, ಸೆಟ್ಟಿಂಗ್ಸ್‌ನಲ್ಲಿ ಯಾವುದಾದರೂ ಕೆಲಸವಿಲ್ಲದ ಕೀಗೆ ಆ ಕೆಲಸ ಹಚ್ಚಬಹುದು. ಕಂಪೋಸ್ ಒತ್ತಿ ಬಿಟ್ಟು, < ಮತ್ತು " ಒತ್ತಿದರೆ “ ಬರುತ್ತದೆ. > ಮತ್ತು " ಒತ್ತಿದರೆ ”. ಮೂರು ಹೈಫನ್ ಹೊಡೆದರೆ ಉದ್ದ ಡ್ಯಾಶ್. ಇದು ನನಗೆ ಬಹಳ ಇಷ್ಟ, ಯಾಕೆಂದರೆ ಸಂಖ್ಯೆ ನೆನಪಿಡಬೇಕಿಲ್ಲ, ಚಿತ್ರ ನೆನಪಿಟ್ಟರೆ ಸಾಕು. ಮೊಬೈಲಿನಲ್ಲಿ ಇನ್ನೂ ಸುಲಭ: ಕೋಟ್ ಗುರುತಿನ ಮೇಲೆ ಬೆರಳು ಒತ್ತಿಹಿಡಿಯಿರಿ, ಡೊಂಕಿನವು ಮೇಲೆ ಏಳುತ್ತವೆ.

ಇಷ್ಟೆಲ್ಲ ಯಾಕೆ, ವರ್ಡ್ ತಾನೇ ತಿದ್ದುತ್ತದಲ್ಲ ಅಂತ ನಿಮ್ಮ ಮನಸ್ಸಿನಲ್ಲಿದೆ. ತಿದ್ದುತ್ತದೆ. ಗುರುತಿನ ಹಿಂದೆ ಖಾಲಿ ಜಾಗವಿದ್ದರೆ ತೆರೆಯುವ ಗುರುತು, ಅಕ್ಷರವಿದ್ದರೆ ಮುಚ್ಚುವ ಗುರುತು. ಅದಕ್ಕೆ ಗೊತ್ತಿರುವುದು ಇಷ್ಟೆ. ಅರ್ಥ ಅದಕ್ಕೆ ತಿಳಿಯದು. ನಮ್ಮಲ್ಲಿಗೆ ಬರುವ ಹಸ್ತಪ್ರತಿಗಳಲ್ಲಿ, ಈಗ ಎಲ್ಲ ಟೈಪ್ ಆಗಿಯೇ ಬರುತ್ತವೆ, ಆದರೂ ಹಸ್ತಪ್ರತಿ ಅಂತಲೇ ಕರೆಯುತ್ತೇವೆ, ಅವುಗಳಲ್ಲಿ ಸಾಮಾನ್ಯವಾಗಿ ಕಾಣುವ ಸಾಲು ಇದು:

ಅವನು" ನಾನು ಬರಲ್ಲ "ಎಂದ.

ಜಾಗ ಬಿಟ್ಟಿದ್ದಾರೆ, ಆದರೆ ಗುರುತಿನ ತಪ್ಪು ಮಗ್ಗುಲಿಗೆ. ವರ್ಡ್ ಇದನ್ನು ಪ್ರಾಮಾಣಿಕವಾಗಿ ತಿದ್ದಿ ಅವನು” ನಾನು ಬರಲ್ಲ “ಎಂದ ಅಂತ ಮಾಡುತ್ತದೆ. ಬಾಗಿಲುಗಳೆರಡೂ ಹೊರಮುಖ. ನೆಟ್ಟಗಿನ ಗುರುತಾಗಿದ್ದಾಗ ತಪ್ಪು ಅಷ್ಟು ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಆದ್ದರಿಂದ ಹಳೆಯ ಕಡತ ಕೈಗೆ ಬಂದರೆ ಮೊದಲು ಖಾಲಿ ಜಾಗಗಳನ್ನು ಸರಿಮಾಡಿ, ಆಮೇಲೆ ಕೋಟಿಗೆ ಕೈ ಹಾಕಿ. ಜಾಗ ಸರಿಯಾದಮೇಲೆ ವರ್ಡ್‌ನಲ್ಲಿ " ಹುಡುಕಿ ಅದರ ಜಾಗಕ್ಕೆ ಅದೇ " ಹಾಕು ಅಂದರೆ ಸಾಕು, ತಾನಾಗಿ ಎಲ್ಲವನ್ನೂ ಡೊಂಕು ಮಾಡುತ್ತದೆ. ಕೊನೆಗೆ “ ಎಷ್ಟಿದೆ, ” ಎಷ್ಟಿದೆ ಎಣಿಸಿ ನೋಡಿ. ತಾಳೆಯಾಗದಿದ್ದರೆ ಎಲ್ಲೋ ಬಾಗಿಲು ತೆರೆದೇ ಇದೆ ಅಂತ. ಒಬ್ಬರ ಮಾತು ಹಲವು ಪ್ಯಾರಾ ನಡೆದರೆ ಪ್ರತಿ ಪ್ಯಾರಾದ ಮೊದಲಿಗೂ ತೆರೆಯುವ ಗುರುತು ಹಾಕಿ, ಕೊನೆಯ ಪ್ಯಾರಾದಲ್ಲಿ ಮಾತ್ರ ಮುಚ್ಚುವ ಪದ್ಧತಿ ಇದೆ. ಅಲ್ಲಿ ಲೆಕ್ಕ ತಪ್ಪುವುದು ಸಹಜ. ಆ ಪದ್ಧತಿ ಮಾಡಿದವರೂ ತೆರೆಯುವುದಕ್ಕೇ ಹೆಚ್ಚು ಬೆಲೆ ಕೊಟ್ಟಿದ್ದಾರೆ, ನೋಡಿ.

ವರ್ಡ್ ಖಂಡಿತ ಎಡವುವ ಇನ್ನೊಂದು ಜಾಗ ’80ರ ದಶಕ. ಇಲ್ಲಿ ಇರುವುದು 19 ಬಿಟ್ಟುಹೋಗಿದೆ ಅಂತ ಹೇಳುವ ಅಪಾಸ್ಟ್ರಫಿ, ಅಂದರೆ ಒಂಬತ್ತರ ಆಕಾರ. ಆದರೆ ಹಿಂದೆ ಖಾಲಿ ಜಾಗ ಇದೆಯಲ್ಲ, ವರ್ಡ್ ಆರರ ಆಕಾರ ಇಡುತ್ತದೆ. ಉಪಾಯ: ಮೊದಲು ಯಾವುದಾದರೂ ಒಂದು ಅಕ್ಷರ ಹೊಡೆಯಿರಿ, ಆಮೇಲೆ ಅಪಾಸ್ಟ್ರಫಿ, ಆಮೇಲೆ ಆ ಅಕ್ಷರ ಅಳಿಸಿ.

ವರ್ಡ್ ಅನ್ನು ಬೈದದ್ದಾಯಿತು. ನನ್ನದೂ ಒಂದು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಕಥಾಸಂಕಲನ ಬಂತು, ಇನ್ನೂರು ಚಿಲ್ಲರೆ ಪುಟ, ತುಂಬ ಸಂಭಾಷಣೆ, ಎಲ್ಲ ನೆಟ್ಟಗಿನ ಕೋಟ್. ನನಗೆ ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆ ಅಲ್ಪಸ್ವಲ್ಪ ಬರುತ್ತದೆ, ಅಲ್ಪ ವಿದ್ಯೆಯ ಗರ್ವವೂ ಇತ್ತು. ಕೋಟಿನ ಹಿಂದೆ ಅಕ್ಷರವೋ ವಿರಾಮಚಿಹ್ನೆಯೋ ಇದ್ದರೆ ಮುಚ್ಚು, ಇಲ್ಲದಿದ್ದರೆ ತೆರೆ ಅಂತ ಹತ್ತು ಸಾಲು ಬರೆದು ಓಡಿಸಿದೆ. ಮೊದಲ ಪುಟ ನೋಡಿದೆ, ಚೆನ್ನಾಗಿತ್ತು. ಪ್ರೂಫ್ ತೆಗೆದು ಲೇಖಕರಿಗೆ ಕಳಿಸಿದೆ.

ಮೂರನೇ ದಿನ ಫೋನು ಬಂತು. ‘ಸಾರ್, ಮರ ಸರಿಯಾಗಿದೆ, ಮನೆ ತಪ್ಪಾಗಿದೆ’ ಅಂದರು. ನನಗೆ ಅರ್ಥವಾಗಲಿಲ್ಲ. ಪುಟ ತೆಗೆದು ನೋಡಿದರೆ ಅವರು ಹೇಳಿದ್ದು ಅಕ್ಷರಶಃ ನಿಜ. ಒಂದು ಕಡೆ “ಅದೋ ಮರ” ಅಂತ ಸರಿಯಾಗಿ ಮುಚ್ಚಿದೆ. ಮುಂದಿನ ಸಾಲಿನಲ್ಲಿ “ಇದೇ ಮನೆ“ ಅಂತ, ತೆರೆದದ್ದು ತೆರೆದ ಹಾಗೇ. ಪುಟ ಪುಟ ಹುಡುಕಿದೆ. ಅಕಾರದಲ್ಲಿ ಮುಗಿದ ಮಾತೆಲ್ಲ ಸರಿ. ಗುಣಿತದಲ್ಲಿ ಮುಗಿದದ್ದೆಲ್ಲ ತಪ್ಪು. ಬಂದ ಸರಿ, ಬಂದಳು ತಪ್ಪು. ಕನ್ನಡ ಸರಿ, ಕನ್ನಡಿ ತಪ್ಪು. ಬಸ್ ತಪ್ಪು.

ಕಾರಣ ಇದು. ಯೂನಿಕೋಡಿನ ಲೆಕ್ಕದಲ್ಲಿ ಕ, ರ, ಮ ಇವು ಅಕ್ಷರಗಳು. ಆದರೆ ಎತ್ವ, ಗುಡಿಸು, ಕೊಂಬು, ಅರ್ಧಾಕ್ಷರ ಮಾಡುವ ವಿರಾಮ, ಸೊನ್ನೆ ಇವು ಅಕ್ಷರಗಳಲ್ಲ, ‘ಗುರುತು’ ಅನ್ನುವ ಬೇರೆ ಜಾತಿ. ನಮ್ಮ ಕಣ್ಣಿಗೆ ‘ನೆ’ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ನ ಎಂಬ ಅಕ್ಷರ, ಅದಾದಮೇಲೆ ಎತ್ವ ಎಂಬ ಒಂದು ಗುರುತು. ‘ಹಿಂದಿನದು ಅಕ್ಷರವೇ?’ ಅಂತ ನನ್ನ ಪ್ರೋಗ್ರಾಂ ಕೇಳಿತು, ‘ಅಲ್ಲ’ ಅಂತ ನಿಜವಾದ ಉತ್ತರ ಬಂತು. ಇಂಗ್ಲಿಷಿಗೆ ಬರೆದ ಎಷ್ಟೋ ಪರಿಹಾರಗಳು ಕನ್ನಡದಲ್ಲಿ ಇದೇ ತಂತಿಗೆ ಕಾಲು ಸಿಕ್ಕಿಸಿಕೊಂಡು ಬೀಳುತ್ತವೆ. ಪ್ರಶ್ನೆ ತಿರುಗಿಸಿದರೆ ಸರಿಹೋಗುತ್ತದೆ: ಹಿಂದೆ ಖಾಲಿ ಜಾಗವೋ, ಸಾಲಿನ ಶುರುವೋ, ತೆರೆದ ಆವರಣವೋ ಇದ್ದರೆ ತೆರೆ, ಉಳಿದೆಲ್ಲ ಕಡೆ ಮುಚ್ಚು. ನಾನು ತಿದ್ದಿದ್ದು ಒಂದೇ ಸಾಲು. ಪ್ರೂಫ್ ಮಾತ್ರ ಇನ್ನೂರು ಪುಟ ಮತ್ತೆ ತೆಗೆಯಬೇಕಾಯಿತು, ಕಾಗದದ ಖರ್ಚು ನನ್ನದೇ.

ಕೋಟಿನ ಬಗ್ಗೆ ಕನ್ನಡಕ್ಕೇ ಸೇರಿದ ಇನ್ನೊಂದು ಸಂಗತಿ ಇದೆ. ಇಂಗ್ಲಿಷಿನಲ್ಲಿ ಕೋಟ್ ಮುಚ್ಚಿದರೆ ಮುಗಿಯಿತು, ಮುಂದೆ ಖಾಲಿ ಜಾಗ. ನಮ್ಮಲ್ಲಿ ವಿಭಕ್ತಿ ಬಾಲ ಬಿಡುವುದಿಲ್ಲ: ‘ಗದಾಯುದ್ಧ’ದಲ್ಲಿ, ‘ಪಂಪಭಾರತ’ಕ್ಕೆ, ‘ಬಸ್’ನಲ್ಲಿ. ಆ ಬಾಲವನ್ನು ಕೋಟಿನ ಒಳಗಿಡಬೇಕೋ ಹೊರಗೋ ಅಂತ ಜಗಳ ಆಗುತ್ತದೆ. ಹೊರಗೇ ಇರಲಿ, ಕೃತಿಯ ಹೆಸರು ಗದಾಯುದ್ಧ, ‘ಗದಾಯುದ್ಧದಲ್ಲಿ’ ಅಲ್ಲ. ಬಾಲವನ್ನು ಜಾಗ ಬಿಟ್ಟು ಬರೆಯುವವರಿದ್ದಾರೆ, ‘ಗದಾಯುದ್ಧ’ ದಲ್ಲಿ ಅಂತ. ದಯವಿಟ್ಟು ಬೇಡ. ಸಾಲಿನ ಕೊನೆಯಲ್ಲಿ ಅದು ಮುರಿದು ‘ದಲ್ಲಿ’ ಒಂದೇ ಕೆಳಗೆ ಬಿದ್ದಿರುವುದನ್ನು ನೋಡಿದರೆ ಪಾಪ ಅನ್ನಿಸುತ್ತದೆ.

ಆಮೇಲೆ ಒಂಟಿ ಕೋಟಿಗೆ ನಮ್ಮ ಜನ ಒಂದು ಹೊಸ ಉದ್ಯೋಗ ಕೊಟ್ಟಿದ್ದಾರೆ. ಫೇಸ್'ಬುಕ್, ಆನ್'ಲೈನ್, ಬಸ್'ನಲ್ಲಿ. ಎಲ್ಲರೂ ನೋಡಿದ್ದೀರಿ. ಇದು ಯಾವ ವ್ಯಾಕರಣದ ಅಪಾಸ್ಟ್ರಫಿಯೂ ಅಲ್ಲ. ಸ್ ಮುಂದೆ ಬ ಹೊಡೆದರೆ ಅವೆರಡೂ ಸೇರಿ ಒತ್ತಕ್ಷರವಾಗಿ ‘ಫೇಸ್ಬುಕ್’ ಆಗಿಬಿಡುತ್ತದೆ. ಅದನ್ನು ತಡೆಯಲು ನಡುವೆ ಒಂದು ಗೂಟ ಹೊಡೆದಿದ್ದಾರೆ. ಬುದ್ಧಿವಂತಿಕೆ ಮೆಚ್ಚಲೇಬೇಕು. ಆದರೆ ಆ ಕೆಲಸಕ್ಕೇ ಹುಟ್ಟಿದ, ಕಣ್ಣಿಗೆ ಕಾಣದ ಒಂದು ಸಂಕೇತ ಯೂನಿಕೋಡಿನಲ್ಲಿದೆ, ಅಗಲವಿಲ್ಲದ ಬೇರ್ಪಡಕ (ZWNJ). ಅದನ್ನು ನಡುವೆ ಇಟ್ಟರೆ ಫೇಸ್‌ಬುಕ್ ಅಂತ ಸ್ವಚ್ಛವಾಗಿ ಬರುತ್ತದೆ. ಅದರ ಜೋಡಿ ಅಗಲವಿಲ್ಲದ ಕೂಡಿಸುಕ (ZWJ), ರ‍್ಯಾಂಕ್ ಅಂತ ಬರೆಯುವಾಗ ಅರ್ಕಾವತ್ತು ಬಾರದಂತೆ ನೋಡಿಕೊಳ್ಳುವುದು. ಇವೆರಡೂ ಒಂದೊಂದು ವಿನ್ಯಾಸದಲ್ಲಿ ಒಂದೊಂದು ಕೀಯಲ್ಲಿ ಕೂತಿವೆ. ನೀವು ಬಳಸುವ ತಂತ್ರಾಂಶದ ಸಹಾಯಪುಟ ತೆಗೆದು ಆ ಎರಡು ಕೀ ಮಾತ್ರ ಇವತ್ತೇ ಹುಡುಕಿಕೊಳ್ಳಿ. ‘ಬಸ್’ನಲ್ಲಿ ಅಂತ ಕೋಟ್ ಹಾಕಿ ಬರೆದಾಗ ಬೇರ್ಪಡಕ ಬೇಕಿಲ್ಲ, ಮುಚ್ಚುವ ಕೋಟೇ ನಡುವೆ ನಿಂತು ಆ ಕೆಲಸ ಮಾಡುತ್ತದೆ. ಗೂಟ ಹೊಡೆದವರಿಗೆ ಆ ಉಪಾಯ ಹೊಳೆದದ್ದು ಇಲ್ಲಿಂದಲೇ ಇರಬಹುದು ಅಂತ ನನ್ನ ಊಹೆ.

ಡ್ಯಾಶಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಂದೆ-ತಾಯಿಗೆ ಹೈಫನ್. ಏಕೀಕರಣವಾದ ಮೇಲೂ ನಮ್ಮ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರಿದ್ದ ಕಾಲ 1956–1973, ಇಲ್ಲಿ ಸಣ್ಣ ಡ್ಯಾಶ್. ಹೈಫನ್ನೇ ಹಾಕಿದರೂ ನಾನು ಪ್ರೂಫಿನಲ್ಲಿ ಕೆಂಪು ಗೆರೆ ಎಳೆಯುವುದಿಲ್ಲ, ಅರ್ಥ ಎಲ್ಲೂ ಕೆಡುವುದಿಲ್ಲ. ಉದ್ದ ಡ್ಯಾಶ್ ನಮ್ಮ ಹಳೆಯ ಪುಸ್ತಕಗಳಲ್ಲಿ ಧಾರಾಳವಾಗಿದೆ. ಈಗ ಅದು ಕಂಡರೆ ಇದನ್ನು ಯಂತ್ರ ಬರೆಯಿತೇ ಅಂತ ಅನುಮಾನ ಪಡುವ ಕಾಲ, ಪಾಪದ ಗೆರೆ.

ದಂಡದ, ಅಂದರೆ ಪದ್ಯದ ಸಾಲು ಮುಗಿದಾಗ ಹಾಕುವ ನೆಟ್ಟಗಿನ ಗೆರೆಯ, ವಿಷಯ ಮಾತ್ರ ಹೇಳಲೇಬೇಕು. ಪದ್ಯ, ಶ್ಲೋಕ ಅಚ್ಚು ಮಾಡುವವರು ಇಲ್ಲಿದ್ದೀರಿ. ಓಲೆಗರಿಯಿಂದ ಬಂದ ನಮ್ಮ ಸ್ವಂತ ವಿರಾಮಚಿಹ್ನೆ ಅದೊಂದೇ. ಆದರೆ ಯೂನಿಕೋಡಿನ ಕನ್ನಡ ಪುಟದಲ್ಲಿ ದಂಡಕ್ಕೆ ಮನೆ ಇಲ್ಲ. ದೇವನಾಗರಿ ಪುಟದಲ್ಲಿರುವ । ಮತ್ತು ॥ ಇವುಗಳನ್ನೇ ಕನ್ನಡವೂ ಸೇರಿ ಹೆಚ್ಚಿನ ಭಾರತೀಯ ಲಿಪಿಗಳು ಹಂಚಿಕೊಳ್ಳಬೇಕು ಅಂತ ನಿಯಮ. ಕನ್ನಡ ಕೀಲಿಮಣೆಯಲ್ಲಿ ಅದು ಸಿಗದೆ ಜನ ಎಂಟರ್ ಹತ್ತಿರದ | ಗೆರೆಯನ್ನು ಹೊಡೆಯುತ್ತಾರೆ. ಅದು ಪ್ರೋಗ್ರಾಂ ಬರೆಯುವವರ ಗೆರೆ, ಸಾಲಿನ ಮೇಲೂ ಕೆಳಗೂ ಚಾಚಿಕೊಂಡಿರುತ್ತದೆ. ಎರಡು ಸಲ ಹೊಡೆದರೆ ನಡುವಿನ ಅಂತರ ಕೈಕೊಡುತ್ತದೆ, ಸಾಲಿನ ಕೊನೆಯಲ್ಲಿ ಒಂದು ಮೇಲೆ ಒಂದು ಕೆಳಗೆ ಮುರಿಯಲೂಬಹುದು. ನಾನು ॥ ಗುರುತನ್ನು ಒಂದು ಕಡತದಲ್ಲಿ ಇಟ್ಟುಕೊಂಡು ಅಂಟಿಸುತ್ತೇನೆ. ಅಂದದ ದಾರಿ ಅಲ್ಲ, ಆದರೆ ನಡೆಯುತ್ತದೆ.

ಡೊಂಕು ಕೋಟ್ ಬೇಡವೇ ಬೇಡ ಅನ್ನುವ ಜಾಗವೂ ಇದೆ. ಪ್ರೋಗ್ರಾಂ ಬರೆಯುವಾಗ ನೆಟ್ಟಗಿನದೇ ಬೇಕು. ಯಾರೋ ವರ್ಡ್‌ನಲ್ಲಿ ಬರೆದುಕೊಟ್ಟ ಕಮಾಂಡನ್ನು ನಕಲು ಮಾಡಿ ಅಂಟಿಸಿ, ಯಾಕೆ ಓಡುತ್ತಿಲ್ಲ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡವರು ಈ ಕೋಣೆಯಲ್ಲೇ ಇರಬಹುದು, ಕಣ್ಣಿಗೆ ಎರಡೂ ಒಂದೇ ಥರ. ಹಳೆಯ ವ್ಯವಸ್ಥೆಗಳಲ್ಲಿ ಡೊಂಕು ಕೋಟ್ ಒಡೆದು, ಟೋಪಿ ಹಾಕಿದ ಎ, ಯೂರೋ ಗುರುತು, ಟ್ರೇಡ್‌ಮಾರ್ಕ್ ಗುರುತು ಅಂತ ಮೂರು ಚೂರಾಗಿ ಕಾಣುವುದೂ ಉಂಟು. ಒಂದು ಗುರುತು ಮೂರು ಬೈಟು, ಓದುವ ತಂತ್ರಾಂಶ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂದುಕೊಂಡರೆ ಹೀಗಾಗುತ್ತದೆ. ಅಂಥ ಜಾಗದಲ್ಲಿ ಕನ್ನಡವೂ ಒಡೆದೇ ಇರುತ್ತದೆ, ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಮೂರು ಬೈಟೇ. ಇನ್ನು ಎಸ್‌ಎಂಎಸ್. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುವ ಸಂದೇಶ, ಒಂದೇ ಒಂದು ಡೊಂಕು ಕೋಟ್ ಹಾಕಿದರೂ 70ಕ್ಕೆ ಇಳಿಯುತ್ತದೆ. ನಾವು ಕನ್ನಡದಲ್ಲಿ ಬರೆದ ಕೂಡಲೇ 70ಕ್ಕೆ ಇಳಿದಿರುತ್ತೇವೆ. ಹಾಗಾಗಿ ನಮಗೆ ಡೊಂಕು ಕೋಟ್ ಪುಕ್ಕಟೆ.

ಆಮೇಲೆ ಪ್ರಶ್ನೆಗಳು ಬಂದವು.

ಪ್ರೂಫ್ ನೋಡುವ ಹಿರಿಯರೊಬ್ಬರು ಕೇಳಿದರು: ಜಾಗ ಸರಿಯಾಗಿ ಬಿಟ್ಟರೆ ನೆಟ್ಟಗಿನ ಗುರುತೂ ಸಾಕಲ್ಲವೇ? ಎಡಕ್ಕೆ ಜಾಗ ಇದ್ದರೆ ತೆರೆದದ್ದು, ಬಲಕ್ಕೆ ಇದ್ದರೆ ಮುಚ್ಚಿದ್ದು. ಸಾಕು ಸಾರ್, ಜಾಗ ಉಳಿಯುವವರೆಗೆ ಸಾಕು ಅಂದೆ. ಆದರೆ ಪುಟಕ್ಕೆ ಕೂರಿಸುವಾಗ, ಪೇಜಿನಿಂದ ಪೇಜಿಗೆ ನಕಲಾಗುವಾಗ ಮೊದಲು ಕಳೆದುಹೋಗುವುದು ಆ ಜಾಗವೇ. ಡೊಂಕು ಕೋಟ್ ತನ್ನ ದಿಕ್ಕನ್ನು ತನ್ನ ಮೈಯಲ್ಲೇ ಇಟ್ಟುಕೊಂಡಿರುತ್ತದೆ. ಅವನು“ಬರಲ್ಲ”ಎಂದ ಅಂತ ಎಲ್ಲ ಅಂಟಿಕೊಂಡರೂ ಓದಬಹುದು. ಅವರು ತಲೆ ಆಡಿಸಿದರು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಒಬ್ಬ ಹುಡುಗ, ಹಳೆಯ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಬದಲಿಸುವಾಗ ಕೋಟ್ ಏನಾಗುತ್ತದೆ ಅಂತ ಕೇಳಿದ. ಆ ಫಾಂಟುಗಳು ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ವೇಷ ಹಾಕಿದವು. ಫಾಂಟ್ ತೆಗೆದರೆ ‘ಕನ್ನಡ’ ಅನ್ನುವ ಪದದ ನಡುವೆ ಪೌಂಡ್ ಗುರುತು ಕಾಣಿಸುತ್ತದೆ. ವೇಷ ಕಳಚುವಾಗ ಯಾವುದು ಅಕ್ಷರದ ಚೂರು, ಯಾವುದು ನಿಜವಾದ ಚಿಹ್ನೆ ಅಂತ ಪರಿವರ್ತಕ ಊಹಿಸಬೇಕು. ಬದಲಿಸಿದ ಮೇಲೆ ಕೋಟುಗಳನ್ನು ಎಣಿಸು, ತಾಳೆ ನೋಡು ಅಂತಷ್ಟೇ ಹೇಳಿದೆ.

ಕೊನೆಗೆ ಎದ್ದವರು ಮಂಗಳೂರು ಕಡೆಯ ವಿದ್ಯಾರ್ಥಿನಿ. ‘ಸರ್, ನಮ್ಮ ಮನೆ ಹೆಸರು ಡಿ’ಸೋಜಾ. ಅದರಲ್ಲಿ ಯಾವ ಗುರುತು ಹಾಕಬೇಕು?’

ಒಂಬತ್ತರ ಆಕಾರದ್ದು, ಮುಚ್ಚುವ ಒಂಟಿ ಕೋಟ್ ಯಾವುದೋ ಅದೇ ಅಂದೆ. ಅಕ್ಷರ ಆದಮೇಲೆ ಬರುವುದರಿಂದ ವರ್ಡೂ ಸರಿಯಾಗಿಯೇ ಹಾಕುತ್ತದೆ, ನಿಮಗೆ ತೊಂದರೆ ಇಲ್ಲ.

‘ವರ್ಡ್‌ನಲ್ಲಿ ತೊಂದರೆ ಇಲ್ಲ ಸರ್’ ಅಂದಳು. ‘ಆನ್‌ಲೈನ್ ಅರ್ಜಿಗಳಲ್ಲಿ ನೆಟ್ಟಗಿನದು ಹಾಕಿದರೂ ತೆಗೆದುಕೊಳ್ಳುವುದಿಲ್ಲ, ಡೊಂಕಿನದು ಹಾಕಿದರೂ ತೆಗೆದುಕೊಳ್ಳುವುದಿಲ್ಲ. ಹೆಸರು ಸರಿಯಿಲ್ಲ ಅಂತ ಕೆಂಪಕ್ಷರದಲ್ಲಿ ಬರುತ್ತದೆ. ಅದಕ್ಕೆ ಬಿಟ್ಟೇಬಿಟ್ಟೆವು. ಅಜ್ಜನ ಸಮಾಧಿ ಕಲ್ಲಿನ ಮೇಲೆ ಇದೆ. ನನ್ನ ಕಾರ್ಡುಗಳಲ್ಲಿ ಎಲ್ಲೂ ಇಲ್ಲ.’